ಹದಿಹರೆಯದಲ್ಲಿ ಕೀಲುವಾತ: ಅಮ್ಮನ ಕೈಯಿಂದ ನಿಮ್ಮ ಕೈಗೆ

"ಹೇಗಿದ್ದೀಯಾ?" ಅಂತ ಡಾಕ್ಟರ್ ನನ್ನನ್ನು ಕೇಳುತ್ತಿದ್ದರು. ನಾನು ಅಮ್ಮನ ಮುಖ ನೋಡುತ್ತಿದ್ದೆ. "ಬೆಳಿಗ್ಗೆ ಮಂಡಿ ಹಿಡ್ಕೊಳ್ಳುತ್ತೆ ಡಾಕ್ಟ್ರೇ, ಸಡಿಲ ಆಗೋಕೆ ಒಂದು ಗಂಟೆ ಬೇಕು," ಅಂತ ಅಮ್ಮ ಹೇಳುತ್ತಿದ್ದರು. ಮೂರು ವರ್ಷ ಹೀಗೇ ನಡೆಯಿತು. ಒಂದು ಸಲ ಅಮ್ಮನಿಗೆ ಫೋನ್ ಬಂತು, ಹೊರಗೆ ಹೋದರು. ಡಾಕ್ಟರ್ ಆಗಲೇ ಕೇಳಬೇಕೇ, "ಈಗ ಯಾವ ಮಾತ್ರೆ ನಡೀತಿದೆ?" ಅಂತ!

"ಹಳದಿದು," ಅಂದೆ.

"ಎಷ್ಟು?"

"ಅಮ್ಮ ಕೊಡೋಷ್ಟು."

ಆಗ ನನಗೆ 14 ವರ್ಷ. ಶಾಲೆಯ ಪಾಠವೆಲ್ಲ ಬಾಯಿಗೆ ಬರುತ್ತಿತ್ತು, ನನ್ನ ಮೈಯದು ಮಾತ್ರ ಒಂದಕ್ಷರ ಗೊತ್ತಿರಲಿಲ್ಲ.

ನಿಮಗೆ ಜುವೆನೈಲ್ ಆರ್ಥ್ರೈಟಿಸ್ (ಮಕ್ಕಳ ಕೀಲುವಾತ), ಲೂಪಸ್ (ಮೈಯ ರೋಗನಿರೋಧಕ ಶಕ್ತಿ ದಾರಿ ತಪ್ಪಿ ನಮ್ಮದೇ ಅಂಗಗಳ ಮೇಲೆ ಬೀಳುವ ಕಾಯಿಲೆ) ಅಥವಾ ಅಂಥದ್ದೇ ಬೇರೆ ಕಾಯಿಲೆ ಇದ್ದರೆ, ಅದರ ಉಸ್ತುವಾರಿ ಒಂದು ದಿನ ನಿಮ್ಮ ಕೈಗೆ ಬಂದೇ ಬರುತ್ತದೆ. 11–12 ವರ್ಷಕ್ಕೇ ಸ್ವಲ್ಪ ಸ್ವಲ್ಪ ಶುರು ಮಾಡಿ ಅಂತ ತಜ್ಞರು ಹೇಳುತ್ತಾರೆ. ಆದರೆ ಬಹಳ ಮನೆಗಳಲ್ಲಿ ಇದು ಉಲ್ಟಾ ನಡೆಯುತ್ತದೆ. ಹದಿನಾರು ತುಂಬುವವರೆಗೆ ಎಲ್ಲವನ್ನೂ ಅಪ್ಪ ಅಮ್ಮನೇ ಮಾಡುತ್ತಾರೆ. ಆಮೇಲೆ ಒಂದು ದಿನ ಸಿಟ್ಟಿನಲ್ಲಿ, "ಇನ್ಮೇಲೆ ನಿನ್ನ ಮಾತ್ರೆ ನೀನೇ ನೋಡ್ಕೋ" ಅಂದುಬಿಡುತ್ತಾರೆ. ನನ್ನ ಪ್ರಕಾರ ಮೊದಲು ಕೈಗೆ ಬರಬೇಕಾದ್ದು ಮಾತ್ರೆ ಡಬ್ಬಿ ಅಲ್ಲ, ಮಾತು. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಹೆಜ್ಜೆ 1: ಮೂರು ವಾಕ್ಯ ಕಲಿಯಿರಿ

ನಿಮ್ಮ ಕಾಯಿಲೆಯ ಪೂರ್ತಿ ಹೆಸರು ಗೊತ್ತಿದೆಯೇ? "ಸಂಧಿವಾತ" ಅಂದರೆ ಸಾಲದು. 16 ವರ್ಷಕ್ಕೆ ಮುಂಚೆ ಶುರುವಾಗಿ, ಕನಿಷ್ಠ 6 ವಾರ ಇದ್ದು, ಬೇರೆ ಯಾವ ಕಾರಣವೂ ಸಿಗದ ಕೀಲಿನ ಉರಿಯೂತಕ್ಕೆ ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್ ಅನ್ನುತ್ತಾರೆ. ಚಿಕ್ಕದಾಗಿ ಜೆಐಎ. ಅದರಲ್ಲೇ 7 ಬಗೆ ಇವೆ. ಕೆಲವು ಒಂದೆರಡು ಕೀಲಿಗಷ್ಟೇ ಬರುತ್ತವೆ, ಕೆಲವು ಜ್ವರ, ಚರ್ಮದ ಮೇಲಿನ ನಸುಗೆಂಪು ಕಲೆಗಳ ಜೊತೆ ಇಡೀ ಮೈಗೇ ಬರುತ್ತವೆ. ನಿಮ್ಮದು ಯಾವುದು ಅನ್ನುವುದರ ಮೇಲೆ ಔಷಧಿ, ಕಣ್ಣಿನ ತಪಾಸಣೆ, ಮುಂದಿನ ದಾರಿ ಎಲ್ಲವೂ ಬೇರೆ ಬೇರೆ.

"ಈ ವಯಸ್ಸಿಗೇ ಮಂಡಿನೋವಾ? ನಮ್ಮಜ್ಜಿಗೂ ಇದೆ" ಅನ್ನುವವರು ಸಿಕ್ಕೇ ಸಿಗುತ್ತಾರೆ. ಅಜ್ಜಿಯದು ಸಾಮಾನ್ಯವಾಗಿ ವರ್ಷಗಳ ಓಡಾಟದಲ್ಲಿ ಕೀಲಿನ ಮೃದು ಎಲುಬು ಸವೆದು ಬಂದದ್ದು. ನಿಮ್ಮದು ಹಾಗಲ್ಲ. ರೋಗಾಣುಗಳ ಮೇಲೆ ಬೀಳಬೇಕಾದ ಮೈಯ ಕಾವಲು ಪಡೆ, ದಾರಿ ತಪ್ಪಿ ಕೀಲಿನ ಒಳಪದರದ ಮೇಲೆ ಬಿದ್ದಿದೆ. ಅದಕ್ಕೇ ಆ ಪಡೆಯನ್ನು ಸ್ವಲ್ಪ ತಣ್ಣಗಾಗಿಸುವ ಔಷಧಿ ಕೊಡುತ್ತಾರೆ. ಇಷ್ಟು ಹೇಳಿದರೆ ಅರ್ಧ ಜನ ಸುಮ್ಮನಾಗುತ್ತಾರೆ.

ಈಗ ನಿಮ್ಮ ಕಥೆಯನ್ನು ಮೂರೇ ವಾಕ್ಯದಲ್ಲಿ ಕಟ್ಟಿ. ಯಾರು ನಾನು, ಏನು ತಗೊಳ್ತಿದ್ದೀನಿ, ಇವತ್ತು ಏನು ತೊಂದರೆ. ಹೀಗೆ: "ನನಗೆ 15 ವರ್ಷ, 9ನೇ ವಯಸ್ಸಿನಿಂದ ಪಾಲಿಆರ್ಟಿಕ್ಯುಲರ್ ಜೆಐಎ ಇದೆ, ಮಣಿಕಟ್ಟು ಮತ್ತು ಮಂಡಿಗೆ ಜಾಸ್ತಿ. ವಾರಕ್ಕೊಂದು ಸಲ 15 ಮಿಲಿಗ್ರಾಂ ಮೆಥೊಟ್ರೆಕ್ಸೇಟ್, ಎರಡು ವಾರಕ್ಕೊಂದು ಸಲ ಅಡಲಿಮುಮಾಬ್ ಇಂಜೆಕ್ಷನ್ ತಗೊಳ್ತೀನಿ. ಈ ತಿಂಗಳು ಬಲಗೈ ಮಣಿಕಟ್ಟು ಊದಿದೆ, ಬರೆಯೋಕೆ ಆಗ್ತಿಲ್ಲ."

(ಪಾಲಿಆರ್ಟಿಕ್ಯುಲರ್ ಅಂದರೆ ಹಲವು ಕೀಲಿಗೆ ಬರುವ ಬಗೆ. ಆ ಎರಡೂ ಔಷಧಿ ಕಾವಲು ಪಡೆಯನ್ನು ತಣ್ಣಗಾಗಿಸುವಂಥವು.) ಮನೆಯಲ್ಲಿ ಜೋರಾಗಿ ಹೇಳಿ ಅಭ್ಯಾಸ ಮಾಡಿ. ಸುಮ್ನೆ ಮನಸ್ಸಿನಲ್ಲಿ ಹೇಳಿಕೊಂಡರೆ ಡಾಕ್ಟರ ಮುಂದೆ ನಾಲಿಗೆ ಏಳುವುದಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹೋದಾಗಲೂ, ಊರು ಬಿಟ್ಟು ಹೋದಾಗ ಜ್ವರ ಬಂದರೂ ಈ ಮೂರು ವಾಕ್ಯವೇ ಕೆಲಸಕ್ಕೆ ಬರುವುದು.

ಹೆಜ್ಜೆ 2: ಬೆಳಗಿನ ನಿಮಿಷ ಎಣಿಸಿ

ರುಮಟಾಲಜಿಸ್ಟ್, ಅಂದರೆ ಕೀಲುವಾತದ ತಜ್ಞ ಡಾಕ್ಟರ್, ಪ್ರತಿ ಸಲ ಕೇಳುವ ಪ್ರಶ್ನೆ ಒಂದಿದೆ: ಬೆಳಿಗ್ಗೆ ಬಿಗಿತ ಎಷ್ಟು ಹೊತ್ತು ಇರುತ್ತದೆ? "ಸ್ವಲ್ಪ ಹೊತ್ತು" ಅನ್ನುವುದು ಉತ್ತರವಲ್ಲ. ನಾನು ಕಂಡುಕೊಂಡ ಉಪಾಯ ಇದು. ನಿಮ್ಮ ಕೀಲಿಗೆ ಹೊಂದುವ ಒಂದು ಬೆಳಗಿನ ಕೆಲಸ ಆರಿಸಿಕೊಳ್ಳಿ. ಬೆರಳಿನ ತೊಂದರೆಯಾದರೆ ಅಂಗಿಯ ಗುಂಡಿ, ಮಣಿಕಟ್ಟಾದರೆ ನಲ್ಲಿ ತಿರುಗಿಸುವುದು, ಪಾದವಾದರೆ ಮೆಟ್ಟಿಲು ಇಳಿಯುವುದು. ಎದ್ದ ಹೊತ್ತಿನಿಂದ ಆ ಕೆಲಸ ಸಲೀಸಾಗಿ ಆಗುವವರೆಗೆ ಎಷ್ಟು ನಿಮಿಷ ಅಂತ ನೋಡಿ. ನನ್ನದು ಪೇಸ್ಟಿನ ಮುಚ್ಚಳವಾಗಿತ್ತು. ಒಳ್ಳೆಯ ದಿನ 5 ನಿಮಿಷ. ಕೆಟ್ಟ ದಿನ ಹಲ್ಲಲ್ಲಿ ಕಚ್ಚಿ ತಿರುಗಿಸಿ, ಬೈಸಿಕೊಳ್ಳುತ್ತಿದ್ದೆ.

ದಿನಾ ಡೈರಿ ಬರೆಯಿರಿ ಅಂತ ನಾನು ಹೇಳುವುದಿಲ್ಲ, ಯಾರೂ ಬರೆಯುವುದಿಲ್ಲ. ವಾರಕ್ಕೆ ಒಂದು ದಿನ, ಫೋನಿನಲ್ಲಿ ಮೂರು ವಿಷಯ ಸಾಕು: ಬಿಗಿತ ಎಷ್ಟು ನಿಮಿಷ, ಯಾವ ಕೀಲು ಊದಿದೆ, ಸುಸ್ತು ಎಷ್ಟು. ಊತ ಇದ್ದರೆ ಫೋಟೋ ತೆಗೆಯಿರಿ. ಡಾಕ್ಟರ ಹತ್ತಿರ ಹೋಗುವ ದಿನ ಊತ ಮಾಯವಾಗಿರುತ್ತದೆ, ಅದರ ಸ್ವಭಾವವೇ ಹಾಗೆ.

ಕಾಯಿಲೆ ಕೆರಳಿದ್ದಕ್ಕೂ ಆಡಿ ದಣಿದಿದ್ದಕ್ಕೂ ವ್ಯತ್ಯಾಸ ಗೊತ್ತಾಗಬೇಕು. ನಿನ್ನೆ ಜಾಸ್ತಿ ಓಡಿ ಇವತ್ತು ನೋವಿದ್ದರೆ, ಒಂದೆರಡು ದಿನದ ವಿಶ್ರಾಂತಿಗೆ ಇಳಿಯುತ್ತದೆ. ಊತ, ಮುಟ್ಟಿದರೆ ಬಿಸಿ, ಬೆಳಗಿನ ಬಿಗಿತ ದಿನದಿಂದ ದಿನಕ್ಕೆ ಉದ್ದವಾಗುವುದು, ಇವು ಕೆರಳಿದ್ದರ ಗುರುತು. ಒಂದು ವಾರ ಕಾದು ನೋಡೋಣ ಅಂತ ಕೂರದೆ ಆಸ್ಪತ್ರೆಗೆ ಫೋನ್ ಮಾಡಿ.

ಕಣ್ಣಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಜೆಐಎ ಇರುವವರಲ್ಲಿ ಕೆಲವರಿಗೆ ಕಣ್ಣಿನ ಒಳಗೆ ಯುವಿಯೈಟಿಸ್ ಅನ್ನುವ ಉರಿಯೂತ ಬರುತ್ತದೆ. ಬಹಳ ಸಲ ಕಣ್ಣು ಕೆಂಪಾಗುವುದಿಲ್ಲ, ನೋಯುವುದಿಲ್ಲ, ದೃಷ್ಟಿಯೂ ಮೊದಮೊದಲು ಚೆನ್ನಾಗೇ ಇರುತ್ತದೆ. ಸ್ಲಿಟ್ ಲ್ಯಾಂಪ್ ಅನ್ನುವ ಯಂತ್ರದಲ್ಲಿ ಕಣ್ಣಿನ ಡಾಕ್ಟರ್ ನೋಡಿದರೆ ಮಾತ್ರ ಗೊತ್ತಾಗುವುದು. ಅಪಾಯ ಜಾಸ್ತಿ ಇರುವವರಿಗೆ 3 ತಿಂಗಳಿಗೊಮ್ಮೆ ನೋಡುತ್ತಾರೆ. ಕೀಲು ಪೂರ್ತಿ ಸರಿಯಿದ್ದರೂ ಈ ತಪಾಸಣೆ ತಪ್ಪಿಸಬೇಡಿ. ಕೀಲಿಗೂ ಕಣ್ಣಿಗೂ ಒಂದೇ ಹೊತ್ತಿಗೆ ಕೆರಳಬೇಕು ಅಂತೇನಿಲ್ಲ.

ಹೆಜ್ಜೆ 3: ಔಷಧಿ, ಒಂದೊಂದಾಗಿ

ಎಲ್ಲ ಔಷಧಿಯನ್ನೂ ಒಂದೇ ದಿನ ಕೈಗೆ ತಗೋಬೇಡಿ. ಮೊದಲ ತಿಂಗಳು ನೀವೇ ತೆಗೆದುಕೊಳ್ಳಿ, ದೊಡ್ಡವರು ನೋಡುತ್ತಿರಲಿ. ಎರಡನೇ ತಿಂಗಳು ಅವರು ವಾರಕ್ಕೊಮ್ಮೆ ಡಬ್ಬಿ ನೋಡಲಿ. ಆಮೇಲೆ ಮುಗಿಯುವ ಮುಂಚೆ ತರಿಸುವ ಜವಾಬ್ದಾರಿಯನ್ನೂ ವಹಿಸಿಕೊಳ್ಳಿ. ಎರಡು ವಾರದಷ್ಟು ಉಳಿದಾಗಲೇ ಹೊಸದು ತರಬೇಕು, ಕೊನೆಯ ಮಾತ್ರೆ ನುಂಗಿದ ಮೇಲಲ್ಲ.

ಮೆಥೊಟ್ರೆಕ್ಸೇಟ್ ಬಗ್ಗೆ ಒಂದು ಮಾತು ತಲೆಯಲ್ಲಿ ಕೆತ್ತಿ ಇಟ್ಟುಕೊಳ್ಳಿ: ಅದು ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ತಗೊಂಡರೆ ಪ್ರಾಣಕ್ಕೇ ಕುತ್ತು. ಡಬ್ಬಿಯ ಮೇಲೆ ವಾರದ ಹೆಸರು ದಪ್ಪಗೆ ಬರೆಯಿರಿ. ಜೊತೆಗೆ ಫೋಲಿಕ್ ಆಸಿಡ್ ಕೊಟ್ಟಿರುತ್ತಾರೆ, ಅದು ಅಡ್ಡಪರಿಣಾಮ ತಗ್ಗಿಸಲು. ಎರಡೂ ಮಾತ್ರೆ ನೋಡಲು ಒಂದೇ ತರಹ ಇದ್ದರೆ ಬೇರೆ ಬೇರೆ ಜಾಗದಲ್ಲಿ ಇಡಿ. ಒಂದು ವಾರ ಮರೆತರೆ ಏನು ಮಾಡಬೇಕು ಅಂತ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಎರಡು ದಿನದೊಳಗೆ ನೆನಪಾದರೆ ತಗೋಬಹುದು, ಅದು ದಾಟಿದರೆ ಮುಂದಿನ ವಾರಕ್ಕೇ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಎರಡು ಡೋಸ್ ಒಟ್ಟಿಗೆ ಮಾತ್ರ ಯಾವತ್ತೂ ಬೇಡ.

ಇನ್ನು ಓಕರಿಕೆ. ಇದನ್ನು ಅನುಭವಿಸಿದವರಿಗೇ ಗೊತ್ತು. ಔಷಧಿ ಹೊಟ್ಟೆಗೆ ಹೋಗುವುದೇ ಬೇಡ, ಆ ದಿನ ಬೆಳಗಾಯಿತು ಅಂದರೆ ಸಾಕು, ಹೊಟ್ಟೆ ತೊಳೆಸಲು ಶುರು. ಆ ಔಷಧಿಯ ಬಣ್ಣ ಹಳದಿ. ಕೆಲವು ಮಕ್ಕಳಿಗೆ ಬೇರೆ ಹಳದಿ ವಸ್ತು ನೋಡಿದರೂ ವಾಕರಿಕೆ ಬರುವುದುಂಟು. ನಾಟಕ ಅಲ್ಲ ಅದು. ಮೈ ಆ ಬಣ್ಣವನ್ನು ವಾಂತಿಯ ಜೊತೆ ಗಂಟು ಹಾಕಿಕೊಂಡುಬಿಟ್ಟಿರುತ್ತದೆ.

ನಾನು ಏನು ಮಾಡಿದೆ ಗೊತ್ತಾ? ನಾಲ್ಕು ವಾರ ಮಾತ್ರೆಗಳನ್ನು ಪುಸ್ತಕದ ಕಪಾಟಿನ ಹಿಂದೆ ಬೀಳಿಸಿದೆ. ಮೊದಲ ಎರಡು ವಾರ ಏನೂ ಆಗಲಿಲ್ಲ. ಓಹೋ, ಇದಿಲ್ಲದೆಯೂ ನಡೆಯುತ್ತೆ ಅಂದುಕೊಂಡೆ. ಆಮೇಲೆ ಮಂಡಿ ಊದಿತು. ಡಾಕ್ಟರ್ ನೋಡಿ, "ಈ ಡೋಸ್ ಸಾಲ್ತಿಲ್ಲ, ಏರಿಸೋಣ" ಅಂದರು. ಆಗ ಹೊಟ್ಟೆಯೊಳಗೆ ಕಲ್ಲು ಬಿದ್ದ ಹಾಗಾಯಿತು. ಬಾಯಿ ಬಿಟ್ಟೆ. ಅಮ್ಮ ಅತ್ತರು. ಡಾಕ್ಟರ್ ಮಾತ್ರ, "ಹೇಳಿದ್ದು ಒಳ್ಳೇದಾಯ್ತು, ಇಲ್ಲದಿದ್ರೆ ಬೇಡದ ಔಷಧಿ ಕೊಡ್ತಿದ್ದೆ" ಅಂದರು ಅಷ್ಟೇ. ಮಾತ್ರೆಯ ಬದಲು ಇಂಜೆಕ್ಷನ್ ಆಯಿತು, ಜೊತೆಗೆ ವಾಂತಿ ತಡೆಯುವ ಮಾತ್ರೆ, ರಾತ್ರಿ ಊಟವಾದ ಮೇಲೆ. ಅರ್ಧ ಕಷ್ಟ ಅಲ್ಲಿಗೇ ಇಳಿಯಿತು.

ಈ ಔಷಧಿ ಕೆಲಸ ಶುರು ಮಾಡಲು 6ರಿಂದ 12 ವಾರ ಬೇಕು. ಬಿಟ್ಟರೂ ಹಾಗೇ, ತಕ್ಷಣ ಗೊತ್ತಾಗುವುದಿಲ್ಲ. ಮೋಸ ಹೋಗುವುದು ಇಲ್ಲೇ. ಬಿಟ್ಟಿದ್ದರೆ ಬಿಟ್ಟೆ ಅಂತ ಹೇಳಿಬಿಡಿ.

ಸ್ಟಿರಾಯ್ಡ್ ಮಾತ್ರೆಯದು ಇನ್ನೊಂದು ಕಥೆ. ಮುಖ ಊದುತ್ತದೆ, ಮೊಡವೆ ಏಳುತ್ತದೆ, ಹಸಿವು ತಡೆಯಲಾಗುವುದಿಲ್ಲ, ನಿದ್ದೆ ಕೆಡುತ್ತದೆ. ಈ ವಯಸ್ಸಿನಲ್ಲಿ ಕನ್ನಡಿ ನೋಡಿದಾಗ ಬಿಟ್ಟುಬಿಡೋಣ ಅನ್ನಿಸುವುದು ಸಹಜ. ಆದರೆ ಹಠಾತ್ತನೆ ನಿಲ್ಲಿಸುವಂತಿಲ್ಲ. ಮೂತ್ರಪಿಂಡದ ಮೇಲೆ ಕೂತಿರುವ ಎರಡು ಪುಟ್ಟ ಗ್ರಂಥಿಗಳು ದಿನಾ ನಮಗೆ ಬೇಕಾದ ಸ್ಟಿರಾಯ್ಡ್ ತಾವೇ ತಯಾರಿಸುತ್ತವೆ. ವಾರಗಟ್ಟಲೆ ಹೊರಗಿನಿಂದ ಬಂದರೆ ಅವು ಕೆಲಸ ನಿಲ್ಲಿಸಿ ಮಲಗಿಬಿಡುತ್ತವೆ. ಎಬ್ಬಿಸಲು ಸಮಯ ಬೇಕು. ಅದಕ್ಕೇ ಡಾಕ್ಟರ್ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಒಮ್ಮೆಲೇ ನಿಂತರೆ ವಾಂತಿ, ತಲೆ ಸುತ್ತು, ರಕ್ತದೊತ್ತಡ ಕುಸಿದು ಬೀಳುವುದು ಎಲ್ಲ ಆಗಬಹುದು. ಬೆಳಿಗ್ಗೆಯೇ, ತಿಂಡಿ ಜೊತೆ ತಗೊಂಡರೆ ನಿದ್ದೆಗೂ ಹೊಟ್ಟೆಗೂ ಒಳ್ಳೆಯದು. ಮುಖ ಊದಿದ್ದು ಡೋಸ್ ಇಳಿದಂತೆ ಇಳಿಯುತ್ತದೆ.

ಅಡಲಿಮುಮಾಬ್‌ನಂಥ ಬಯಾಲಜಿಕ್ ಇಂಜೆಕ್ಷನ್ ಇದ್ದರೆ, ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ಹಾಗಾಗಿ ಐಸಿನ ಡಬ್ಬಿಗೆ ತಾಗಿಸಿ ಇಡಬೇಡಿ. ಚುಚ್ಚಿಕೊಳ್ಳುವ 15–30 ನಿಮಿಷ ಮುಂಚೆ ಹೊರಗಿಟ್ಟರೆ ನೋವು ಕಡಿಮೆ. ಬಿಸಿನೀರಿನಲ್ಲಿ ಅದ್ದಿ ಬೆಚ್ಚಗೆ ಮಾಡುವ ಬುದ್ಧಿವಂತಿಕೆ ಬೇಡ. ತೊಡೆ ಅಥವಾ ಹೊಟ್ಟೆ, ಹೊಕ್ಕುಳಿಂದ 5 ಸೆಂಟಿಮೀಟರ್ ದೂರ, ಪ್ರತಿ ಸಲ ಜಾಗ ಬದಲಿಸಿ. ಮೊದಲ ಸಲ ನರ್ಸ್ ಎದುರಿಗೇ ಚುಚ್ಚಿಕೊಳ್ಳಿ. ಕೈ ನಡುಗಿದರೆ ನಡುಗಲಿ. ಬಳಸಿದ ಸೂಜಿಗೆ ಗಟ್ಟಿ ಡಬ್ಬಿ ಬೇಕು, ಕಸದ ಬುಟ್ಟಿ ಅಲ್ಲ.

ಆಗಾಗ ಮಾಡಿಸುವ ರಕ್ತ ಪರೀಕ್ಷೆ ಕಾಯಿಲೆ ಎಷ್ಟಿದೆ ಅಂತ ನೋಡಲು ಮಾತ್ರವಲ್ಲ, ಔಷಧಿ ಯಕೃತ್ತು, ಮೂತ್ರಪಿಂಡ, ರಕ್ತಕಣಗಳಿಗೆ ತೊಂದರೆ ಕೊಡುತ್ತಿಲ್ಲವೇ ಅಂತ ನೋಡಲೂ ಹೌದು. ಆರಾಮಾಗಿದ್ದೀನಿ ಅಂತ ತಪ್ಪಿಸಬೇಡಿ. ಮತ್ತೆ, ಬೇರೆ ಕಾಯಿಲೆಗೆ ಬೇರೆ ಡಾಕ್ಟರ್ ಔಷಧಿ ಬರೆಯುವ ಮುಂಚೆ ಆ ಮೂರು ವಾಕ್ಯ ಹೇಳಿ. ಕೋ-ಟ್ರೈಮಾಕ್ಸಜೋಲ್ ಅನ್ನುವ ಆ್ಯಂಟಿಬಯೋಟಿಕ್ ಮೆಥೊಟ್ರೆಕ್ಸೇಟ್ ಜೊತೆ ಸೇರಿದರೆ ರಕ್ತಕಣಗಳು ಅಪಾಯಕಾರಿ ಮಟ್ಟಕ್ಕೆ ಕುಸಿಯಬಹುದು. ನೇಪ್ರಾಕ್ಸೆನ್ ಅನ್ನುವ ನೋವಿನ ಮಾತ್ರೆ ತಗೊಳ್ಳುತ್ತಿರುವಾಗ ತಲೆನೋವಿಗೆ ಅಂತ ಅಂಗಡಿಯಿಂದ ಐಬುಪ್ರೊಫೆನ್ ತಂದು ನುಂಗುವುದೂ ಬೇಡ. ಎರಡೂ ಒಂದೇ ಜಾತಿ, ಹೊಟ್ಟೆ ಹುಣ್ಣಾಗಬಹುದು.

ಹೆಜ್ಜೆ 4: ಹತ್ತು ನಿಮಿಷ ಒಬ್ಬರೇ

ಮುಂದಿನ ಸಲ ಡಾಕ್ಟರ ಕೋಣೆಗೆ ನೀವು ಮೊದಲು ಹೋಗಿ. ಅಪ್ಪ ಅಮ್ಮ ಹತ್ತು ನಿಮಿಷ ಬಿಟ್ಟು ಬರಲಿ. ಮೂರು ವಾಕ್ಯ ಹೇಳಿ, ಫೋನಿನಲ್ಲಿ ಬರೆದ ಪ್ರಶ್ನೆ ಕೇಳಿ. ಮೂರು ಪ್ರಶ್ನೆಗಿಂತ ಜಾಸ್ತಿ ಬೇಡ, ಮುಖ್ಯವಾದದ್ದು ಮೊದಲು. ಬಾಗಿಲ ಹತ್ತಿರ ಹೋಗಿ "ಇನ್ನೊಂದು ಡಾಕ್ಟ್ರೇ" ಅಂತ ತಿರುಗುವುದು ನಮಗೆಲ್ಲ ಅಭ್ಯಾಸ. ಆ "ಇನ್ನೊಂದು" ಯಾವಾಗಲೂ ನಿಜವಾದ ಪ್ರಶ್ನೆಯೇ ಆಗಿರುತ್ತದೆ, ಅದನ್ನೇ ಮೊದಲು ಕೇಳಿ. ನೀವು ಹೇಳಿದ್ದರಲ್ಲಿ ಯಾವುದು ಮನೆಯವರಿಗೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಅಂತಲೂ ಮೊದಲೇ ಕೇಳಿಕೊಳ್ಳಬಹುದು. ತಪ್ಪೇನಿಲ್ಲ.

ಅಪ್ಪ ಅಮ್ಮಂದಿರಿಗೆ ಇಲ್ಲಿ ಒಂದು ಮಾತು. ಮಗ ಅಥವಾ ಮಗಳು ಉತ್ತರಕ್ಕೆ ತಡಕಾಡುವಾಗ ನೀವು ಬಾಯಿ ಹಾಕಬೇಡಿ. ಹತ್ತು ಸೆಕೆಂಡ್ ಕಾಯಿರಿ. ಆ ಹತ್ತು ಸೆಕೆಂಡ್ ಎಷ್ಟು ಉದ್ದ ಅಂತ ನನ್ನಮ್ಮನನ್ನು ಕೇಳಬೇಕು.

ಹೆಜ್ಜೆ 5: ಕಾಯದೆ ಫೋನ್ ಮಾಡಬೇಕಾದ ಹೊತ್ತು

ಕಾವಲು ಪಡೆಯನ್ನು ತಗ್ಗಿಸುವ ಔಷಧಿ ನಡೆಯುತ್ತಿರುವಾಗ ಜ್ವರ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಮುಟ್ಟಿದರೆ ಅದೇ ದಿನ ಫೋನ್ ಮಾಡಿ. ಅವತ್ತಿನ ಡೋಸ್ ತಗೋಬೇಕೋ ಬೇಡವೋ ಅಂತಲೂ ಕೇಳಿ. ಟೊಸಿಲಿಜುಮಾಬ್ ಅನ್ನುವ ಬಯಾಲಜಿಕ್ ತಗೊಳ್ಳುವವರಿಗೆ ಸೋಂಕಿದ್ದರೂ ಜ್ವರ ಕಾಣದೇ ಇರಬಹುದು. ಹಾಗಾಗಿ ಥರ್ಮಾಮೀಟರ್ ಒಂದನ್ನೇ ನಂಬಬೇಡಿ, ಮೈ ಸರಿಯಿಲ್ಲ ಅನ್ನಿಸಿದರೆ ಸಾಕು. ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್ ಆದವರ ಹತ್ತಿರ ಕೂತಿದ್ದೆ ಅಂತ ಗೊತ್ತಾದರೂ ತಕ್ಷಣ ಹೇಳಬೇಕು, ಗುಳ್ಳೆ ಏಳುವವರೆಗೆ ಕಾಯಬಾರದು. ಕಣ್ಣು ಕೆಂಪಾಗಿ ನೋವಿದ್ದರೆ, ಬೆಳಕು ನೋಡಲಾಗದಿದ್ದರೆ, ಮಂಜಾದರೆ, ಅದೇ ದಿನ ತೋರಿಸಿ. ಒಂದೇ ಕೀಲು ಕೆಂಡದಂತಾಗಿ ಜ್ವರವೂ ಬಂದರೆ ಅದು ಕೀಲೊಳಗಿನ ಸೋಂಕಿರಬಹುದು, ತುರ್ತು. ಸಿಸ್ಟಮಿಕ್ ಜೆಐಎ (ಇಡೀ ಮೈಗೆ ಬರುವ ಬಗೆ) ಇರುವವರಿಗೆ ಜ್ವರ ಇಳಿಯದೆ, ಮಂಕು ಕವಿದು, ಎಲ್ಲಿಂದಾದರೂ ರಕ್ತ ಒಸರಿದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಲೂಪಸ್ ಇರುವವರು ಮೂತ್ರದಲ್ಲಿ ನೊರೆ, ಪಾದದ ಊತ, ಉಸಿರಾಡುವಾಗ ಎದೆನೋವು ಗಮನಿಸಿ.

ಲಸಿಕೆ ಹಾಕಿಸುವ ಮುಂಚೆಯೂ ಕೇಳಿ. ದಡಾರದಂಥ ಜೀವಂತ ಲಸಿಕೆಗಳು ಈ ಔಷಧಿಗಳ ಜೊತೆ ಸಾಮಾನ್ಯವಾಗಿ ಬೇಡ. ವರ್ಷಕ್ಕೊಮ್ಮೆಯ ಫ್ಲೂ ಇಂಜೆಕ್ಷನ್ ಹಾಕಿಸಿಕೊಳ್ಳುವುದು ಒಳ್ಳೆಯದು.

ಹೆಜ್ಜೆ 6: ಶಾಲೆ, ಆಟ, ಗೆಳೆಯರು

ಹಿಂದೆ ಕೀಲುವಾತ ಅಂದರೆ ಮಲಗಿಸುತ್ತಿದ್ದರು. ಈಗ ಹಾಗಿಲ್ಲ. ಓಡಾಡದ ಕೀಲಿನ ಸುತ್ತಲ ಸ್ನಾಯು ಸೊರಗುತ್ತದೆ, ಆಗ ಕೀಲಿನ ಮೇಲೆ ಹೊರೆ ಜಾಸ್ತಿಯಾಗುತ್ತದೆ. ಈಜು, ಸೈಕಲ್ ಒಳ್ಳೆಯವು. ಕೆರಳಿದ ದಿನ ಮಾತ್ರ ಜಿಗಿಯುವ ಆಟ ಬಿಟ್ಟು, ಕೀಲನ್ನು ಮೆಲ್ಲಗೆ ಮಡಚಿ ಚಾಚಿ. ಬಿಗಿತಕ್ಕೆ ಬಿಸಿನೀರಿನ ಸ್ನಾನ, ಊದಿ ಬಿಸಿಯಾದ ಕೀಲಿಗೆ ಬಟ್ಟೆ ಸುತ್ತಿದ ಐಸು.

ನಮ್ಮೆಲ್ಲರ ದೊಡ್ಡ ತಪ್ಪು ಒಂದೇ. ಒಳ್ಳೆಯ ದಿನ ಸಿಕ್ಕಿತು ಅಂತ ತಿಂಗಳ ಆಟವನ್ನೆಲ್ಲ ಅವತ್ತೇ ಆಡಿ, ಮೂರು ದಿನ ಹಾಸಿಗೆ ಹಿಡಿಯುವುದು. ಒಳ್ಳೆಯ ದಿನವೂ ಸ್ವಲ್ಪ ಉಳಿಸಿಕೊಂಡೇ ಏಳಿ.

ಶಾಲೆಯಲ್ಲಿ ಕರುಣೆ ಕೇಳಬೇಡಿ, ಬೇಕಾದ್ದನ್ನು ಬಿಡಿಸಿ ಕೇಳಿ: ಪರೀಕ್ಷೆಗೆ ಹೆಚ್ಚು ಸಮಯ, ಮನೆಗೊಂದು ಶಾಲೆಗೊಂದು ಪುಸ್ತಕ, ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಲು ಅನುಮತಿ. ಡಾಕ್ಟರ ಪತ್ರ ಇದ್ದರೆ ಕೆಲಸ ಸುಲಭ. ನನ್ನ ಮೇಷ್ಟರೊಬ್ಬರು, "ನಿನ್ನೆ ಮೈದಾನದಲ್ಲಿ ಓಡ್ತಿದ್ದೆಯಲ್ಲ, ಇವತ್ತೇನು ಕುಂಟುತ್ತೀಯಾ?" ಅಂತ ಎಲ್ಲರೆದುರು ಕೇಳಿದ್ದರು. ಆಗ ಉತ್ತರ ಹೊಳೆಯಲಿಲ್ಲ. ಈಗ ಇದೆ: "ಸರ್, ಈ ಕಾಯಿಲೆ ದಿನಕ್ಕೊಂದು ತರಹ ಇರುತ್ತೆ." ನೀವು ಬಳಸಿಕೊಳ್ಳಿ. ಗೆಳೆಯರಿಗೆಲ್ಲ ಹೇಳಲೇಬೇಕಂತಿಲ್ಲ. ಒಬ್ಬರಿಗೆ ಹೇಳಿ, ಬ್ಯಾಗ್ ಹೊರಲು ಒಂದು ಕೈ ಸಿಗುತ್ತದೆ.

ಹೆಜ್ಜೆ 7: ಮನೆಯಲ್ಲಿ ಕೇಳಲಾಗದ ಪ್ರಶ್ನೆಗಳು

ಆ ಹತ್ತು ನಿಮಿಷ ಇರುವುದೇ ಇದಕ್ಕೆ. ಮೆಥೊಟ್ರೆಕ್ಸೇಟ್ ಮತ್ತು ಮದ್ಯ ಎರಡೂ ಯಕೃತ್ತಿಗೆ ಹೊರೆ. ಸಿಗರೇಟು ಲೂಪಸನ್ನೂ ಕೀಲುವಾತವನ್ನೂ ಹದಗೆಡಿಸುತ್ತದೆ. ಟ್ಯಾಟೂ, ಕಿವಿ ಮೂಗು ಚುಚ್ಚಿಸಿಕೊಳ್ಳುವುದರಿಂದ ಸೋಂಕು ತಗಲಬಹುದು, ಮೊದಲು ಕೇಳಿ. ಮೆಥೊಟ್ರೆಕ್ಸೇಟ್, ಮೈಕೊಫೆನೊಲೇಟ್ (ಲೂಪಸ್‌ಗೆ ಕೊಡುವ ಔಷಧಿ) ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುತ್ತವೆ, ಅದಕ್ಕೇ ಗರ್ಭನಿರೋಧದ ಮಾತು ಬರುವುದು. ಹುಡುಗಿಯರು ಡಾಕ್ಟರ್ ಕೇಳುವವರೆಗೆ ಕಾಯದೆ ತಾವೇ ಎತ್ತಬಹುದು. ಲೂಪಸ್ ಜೊತೆ ಆ್ಯಂಟಿಫಾಸ್ಫೋಲಿಪಿಡ್ ಆ್ಯಂಟಿಬಾಡಿ ಇದ್ದರೆ ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ಬೇಡ, ರಕ್ತ ಹೆಪ್ಪುಗಟ್ಟುವ ಅಪಾಯವಿದೆ.

ಮನಸ್ಸು ಕುಗ್ಗಿದ್ದರೆ, ಯಾವುದೂ ಬೇಡ ಅನ್ನಿಸುತ್ತಿದ್ದರೆ ಅದನ್ನೂ ಕಾಯಿಲೆಯ ಪಟ್ಟಿಗೇ ಸೇರಿಸಿ ಹೇಳಿ. ಬದುಕೇ ಬೇಡ ಅನ್ನಿಸಿದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಹತ್ತಿರದ ದೊಡ್ಡವರೊಬ್ಬರಿಗೆ ಅವತ್ತೇ ಹೇಳಿ.

ಹೆಜ್ಜೆ 8: ದೊಡ್ಡವರ ಡಾಕ್ಟರ ಹತ್ತಿರ

ಮಕ್ಕಳ ವಿಭಾಗದಲ್ಲಿ ಎಲ್ಲರಿಗೂ ನಿಮ್ಮ ಹೆಸರು ಗೊತ್ತಿರುತ್ತದೆ. ದೊಡ್ಡವರ ವಿಭಾಗದಲ್ಲಿ ಅಕ್ಕಪಕ್ಕ ಕೂತವರೆಲ್ಲ ಅಜ್ಜ ಅಜ್ಜಿಯರು. ಮೊದಲ ದಿನ ಎದೆ ಧಸಕ್ಕನ್ನುತ್ತದೆ. ಬಹಳ ಜನ ತಪಾಸಣೆ ಬಿಟ್ಟುಬಿಡುವುದು ಈ ದಾಟುವ ಹೊತ್ತಿನಲ್ಲೇ. ಹಳೆಯ ಡಾಕ್ಟರಿಂದ ಸಾರಾಂಶ ಪತ್ರ ಬರೆಸಿಕೊಳ್ಳಿ: ಯಾವ ಬಗೆಯ ಕಾಯಿಲೆ, ಇದುವರೆಗೆ ಕೊಟ್ಟ ಔಷಧಿ, ಯಾವುದನ್ನು ಯಾಕೆ ನಿಲ್ಲಿಸಿದರು, ಅಲರ್ಜಿ, ಲಸಿಕೆ, ಕೊನೆಯ ಕಣ್ಣಿನ ತಪಾಸಣೆ. ಅದರ ಫೋಟೋ ಫೋನಿನಲ್ಲಿರಲಿ. ಹೊಸ ಡಾಕ್ಟರ ಅಪಾಯಿಂಟ್‌ಮೆಂಟ್ ಕೈಗೆ ಬರುವವರೆಗೆ ಹಳೆಯದನ್ನು ರದ್ದು ಮಾಡಬೇಡಿ, ಔಷಧಿ ಎರಡು ತಿಂಗಳಿಗಾಗುವಷ್ಟು ಬರೆಸಿಕೊಂಡಿರಿ. ಹೊಸಬರು "ಹೇಗಿದ್ದೀರಿ?" ಅಂತ ಬಹುವಚನದಲ್ಲಿ ಕೇಳುತ್ತಾರೆ, ಅದಕ್ಕೇ ಒಂದು ಕ್ಷಣ ಗಲಿಬಿಲಿಯಾಗುತ್ತದೆ. ಮೂರು ವಾಕ್ಯ ಹೇಳಿ. ಎದ್ದು ಬರುವ ಮುಂಚೆ ಮುಂದಿನ ತಾರೀಖು, ಮಧ್ಯೆ ತೊಂದರೆಯಾದರೆ ಫೋನ್ ಮಾಡಬೇಕಾದ ನಂಬರು, ಎರಡನ್ನೂ ಬರೆಸಿಕೊಳ್ಳಿ.